ಎರಡು ಬ್ಯಾಟರಿ, ಒಬ್ಬ ಪ್ರಯಾಣಿಕ

ಮನೆ ಮುಂದೆ ಕೆಟ್ಟು ನಿಂತ ಗಾಡಿಯೊಂದಿದ್ದರೆ ಸಾಕು, ನಗುವಂಥ ಸಂಗತಿಗಳು ವಿಳಾಸ ಕೇಳದೆ ಬರುತ್ತಿರುತ್ತವೆ. ಸಾರಕ್ಕಿಯ ನಮ್ಮ ಬೀದಿಯಲ್ಲಿ ಅಂಥದ್ದೊಂದು ಹಳೆಯ ವ್ಯಾನಿದೆ. ಒಳಗೆ ಮಂಚ, ಒಲೆ, ಫ್ಯಾನು ಹಾಕಿಸಿದ್ದೆವು. ನಾನು ಪಾಠ ಮಾಡುವ ಶಾಲೆಗೆ ರಜ ಬಂದಾಗಲೆಲ್ಲ ಅದರಲ್ಲಿ ಊರೂರು ಸುತ್ತಬೇಕೆಂಬುದು ನನ್ನ ಹೆಂಡತಿಯ ಆಸೆ. ಅವಳು ತೀರಿಹೋಗಿ ಎಂಟು ತಿಂಗಳಾಯಿತು.

ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಬಾಮೈದ ಫೋನಿನಲ್ಲಿ ಹೇಳಿದ: "ಭಾವ, ರಜದ ಮೊದಲ ಭಾನುವಾರ ಬರ್ತೀನಿ. ಅವತ್ತೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೆ ಕೊಟ್ಬಿಡೋಣ. ಅದನ್ನ ನೋಡ್ತಾ ನೋಡ್ತಾ ನೀವು ಸೊರಗ್ತಿದ್ದೀರಿ."

ಆಗಲಿ ಎಂದೆ. ಕೊಡಲು ಮನಸ್ಸಿರಲಿಲ್ಲ.

ಒಳಗೆ ಯಾರೋ

ಮೆಕ್ಯಾನಿಕ್ ಬಂದು ಬ್ಯಾಟರಿ ನೋಡಿದ. "ಎಂಜಿನ್ ಎಬ್ಬಿಸೋ ಬ್ಯಾಟರಿ ಸಾರ್ ಇದು. ಒಂದೇ ಸಲ ಜೋರಾಗಿ ಕೊಟ್ಟು ಸುಮ್ನಾಗುತ್ತೆ. ಇದರಲ್ಲೇ ಯಾರೋ ಗಂಟೆಗಟ್ಲೆ ಫ್ಯಾನು, ಲೈಟು ಓಡಿಸ್ತಿದ್ದಾರೆ."

ಒಳಗೆ ಹೋದವನು ದಿಂಬು, ಕಾಫಿ ಫ್ಲಾಸ್ಕು, ಓದುವ ಕನ್ನಡಕ ಕಂಡು ಮೆಲ್ಲನೆ ಹೊರಬಂದ. "ಸಾರ್, ಯಾರೋ ದಿನಾ ಬಂದು ಕೂತು ಹೋಗ್ತಾರೆ. ಪೊಲೀಸರಿಗೆ ಹೇಳಿ."

"ಬೇಡಪ್ಪ," ಎಂದೆ. "ಅದು ನಾನೇ. ಸಂಜೆ ಹೊತ್ತು ಮನೆಯೊಳಗೆ ಕೂರಲು ಆಗುವುದಿಲ್ಲ."

ಆತ ಸ್ವಲ್ಪ ಯೋಚಿಸಿದ. "ಹಾಗಾದ್ರೆ ಕನ್ನಡಕ ಹುಷಾರು ಸಾರ್. ಗಾಡಿಗೆ ಬೀಗ ಸರಿ ಇಲ್ಲ."

ಸಂಸಾರದ ಅಳತೆ

ಫ್ಯಾನು, ಲೈಟಿಗೆ ಬೇರೆ ಬ್ಯಾಟರಿ ಬೇಕಾಯಿತು. ನಿಧಾನವಾಗಿ, ಬಹಳ ಹೊತ್ತು ಕೊಡುವಂಥದ್ದು. ಬನಶಂಕರಿಯ ಅಂಗಡಿಯವರು ಮನೆಯ ಯುಪಿಎಸ್‌ಗೆ ಇಡುವ ಎತ್ತರದ ಬ್ಯಾಟರಿ ತೋರಿಸಿದರು. ಹಂಪ್ ಹತ್ತಿ ಇಳಿಯುವಾಗ ಆಸಿಡ್ ಚೆಲ್ಲಬಾರದು, ಸೀಲ್ ಮಾಡಿದ್ದೇ ಬೇಕು ಎಂದೆ.

"ಎಷ್ಟು ಜನ ಸಾರ್ ಇರೋದು?"

"ಒಬ್ಬ."

"ಫ್ಯಾನು?"

"ಒಂದು."

"ಟಿವಿ, ಫ್ರಿಜ್ಜು, ಮಿಕ್ಸಿ?"

"ಏನೂ ಇಲ್ಲ. ಓದಲು ಒಂದು ಲೈಟು."

ಅವರು ಪೆನ್ನು ಕೆಳಗಿಟ್ಟರು. "ಸಾರ್, ನಿಮಗೆ ಬ್ಯಾಟರಿ ಯಾಕೆ? ಒಂದು ಟಾರ್ಚು, ಒಂದು ಬೀಸಣಿಗೆ ತಗೊಂಡು ಹೋಗಿ."

ಪಾಲು

ಕೊನೆಗೆ ಸೀಲ್ ಮಾಡಿದ್ದನ್ನೇ ತಂದೆ. ಎಲೆಕ್ಟ್ರಿಷಿಯನ್ ಹಳೆಯದು, ಹೊಸದು ಎರಡನ್ನೂ ನೇರವಾಗಿ ಜೋಡಿಸಿಬಿಟ್ಟ. "ಇಬ್ರೂ ಸೇರಿದ್ರೆ ಬಲ ಜಾಸ್ತಿ ಸಾರ್." ಎರಡು ಸಂಜೆ ಕೂತೆ, ಮೂರನೆಯ ಬೆಳಿಗ್ಗೆ ಎರಡೂ ಖಾಲಿ.

ಪಕ್ಕದ ಮನೆಯ ಯಜಮಾನರು ಹಳೇ ಸಾರಕ್ಕಿಯವರು. ಹೊಲವಿದ್ದ ಕಡೆ ಈಗ ಅವರದು ಮೂರು ಬಾಡಿಗೆ ಮನೆ. ಕಾಂಪೌಂಡಿಗೆ ಒರಗಿ ಎಲ್ಲ ನೋಡುತ್ತಿದ್ದರು.

"ನಮ್ಮಲ್ಲೂ ಹಿಂಗೇ ಆಗಿದ್ದು ಮೇಷ್ಟ್ರೇ. ಅಣ್ಣ ತಮ್ಮ ಇಬ್ರದ್ದೂ ಒಂದೇ ಕಣಜ. ಒಬ್ಬ ಕೂತು ಉಂಡ, ಇಬ್ರೂ ಉಪವಾಸ ಬಿದ್ವಿ. ಬ್ಯಾರೆ ಮಾಡ್ಸಿ."

ಎರಡಕ್ಕೂ ಚಾರ್ಜ್ ಹಾಕಿಸಿ ಬೇರೆ ಮಾಡಿಸಿದೆ. ನಡುವೆ ಒಂದು ರಿಲೇ: ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಸೇರಿಸಿ ಚಾರ್ಜ್ ಮಾಡುತ್ತದೆ, ಎಂಜಿನ್ ನಿಂತರೆ ಬಿಡಿಸುತ್ತದೆ. ಯಜಮಾನರಿಗೆ ವಿವರಿಸಿದೆ.

"ಅಂದ್ರೆ ಹಬ್ಬಕ್ಕೆ ಮಾತ್ರ ಸೇರ್ತವೆ ಅನ್ನಿ," ಎಂದರು. "ನಾವೂ ಅಷ್ಟೇ."

ಭಾನುವಾರ

ಬಾಮೈದ ಗುಜರಿಯವನ ನಂಬರ್ ಹಿಡಿದೇ ಬಂದ. ಹಿಂದಿನ ಸಂಜೆಯೂ ಫ್ಯಾನು ಹಾಕಿಕೊಂಡು ಕೂತಿದ್ದೆ, ಬೇಕೆಂದೇ. ಇಬ್ಬರೂ ಹತ್ತಿ ಕೂತೆವು. ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಅವನು ಫೋನು ಜೇಬಿಗಿಟ್ಟ.

"ಮೊದಲು ಎಲ್ಲಿಗೆ ಭಾವ?"

"ತಲಕಾಡಿಗೆ. ಅವಳು ಬರೆದಿಟ್ಟ ಪಟ್ಟಿಯಲ್ಲಿ ಅದೇ ಮೊದಲು."

"ಯಾರ ಜೊತೆ?"

"ಒಬ್ಬನೇ."

ಅವನು ಕಿಟಕಿಯ ಕಡೆ ತಿರುಗಿದ. ಗೇರ್ ಹಾಕಿದೆ. ಗಾಡಿ ಹತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ಎದುರು ಮನೆಯಾಕೆ ಬರಿಗಾಲಲ್ಲಿ ಓಡಿ ಬರುತ್ತಿದ್ದರು.

"ನಿಲ್ಸಿ ಮೇಷ್ಟ್ರೇ! ಎಂಟು ತಿಂಗಳಿಂದ ಕದಲದ ಗಾಡಿ ಅಂತ ನಂಬ್ಕೊಂಡು ಅದಕ್ಕೇ ಹಗ್ಗ ಕಟ್ಟಿದೀನಿ. ಹೊರಡ್ತೀನಿ ಅಂತ ಒಂದು ಮಾತು ಹೇಳಬಾರದಾ?"

ಬ್ರೇಕ್ ಹಾಕುತ್ತಾ ಕನ್ನಡಿ ನೋಡಿದೆ. ಗಾಡಿಯ ಹಿಂದಿನ ಏಣಿಗೆ ಕಟ್ಟಿದ ಹಗ್ಗ ಅವರ ಗೇಟಿನಿಂದ ಕಿತ್ತು ಬಂದು, ಅದರಲ್ಲಿ ನಾಲ್ಕು ಸೀರೆ, ಎರಡು ಪಂಚೆ, ಸಣ್ಣ ಪುಟ್ಟ ಫ್ರಾಕುಗಳು ರಸ್ತೆಯ ಮೇಲೆ ಸಾಲಾಗಿ ಬರುತ್ತಿದ್ದವು.

ಬಾಮೈದ ಕಣ್ಣೊರೆಸಿಕೊಂಡು ಹೇಳಿದ: "ಒಬ್ಬನೇ ಅಂದ್ರಿ ಭಾವ. ಹಿಂದೆ ಮಕ್ಕಳು ಮರಿ ಸಮೇತ ಸಂಸಾರವೇ ಹೊರಟಿದೆಯಲ್ಲ."