ದೆವ್ವದ ಅಳತೆ

ಟೈಲರ್ ಮಾಸ್ಟರಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂಬ ಸಂಗತಿ ಬೀದಿಗೆಲ್ಲ ಗೊತ್ತಿತ್ತು. ಮಾಸ್ಟರೇ ಹೇಳಿದ್ದರಲ್ಲ. ಅಳತೆ ಕೊಡಲು ಬಂದವರು ಮೈಗೆ ಟೇಪು ಸುತ್ತಿಸಿಕೊಂಡು ಅಲ್ಲಾಡದೆ ನಿಲ್ಲಬೇಕಾದ್ದರಿಂದ, ಮಾಸ್ಟರ ಶೌರ್ಯದ ಕಥೆ ಕೇಳದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಹರೆಯದಲ್ಲಿ ಒಬ್ಬರೇ ಕೊನೆಯ ಆಟಕ್ಕೆ ಹೋಗಿ ದೆವ್ವದ ಸಿನಿಮಾ ನೋಡಿದ್ದು, ನೋಡುತ್ತಾ ನೋಡುತ್ತಾ ಬೇಸರವಾಗಿ ನಿದ್ದೆ ಬಂದದ್ದು, ಟಾಕೀಸಿನ ಕಾವಲುಗಾರ ಎಬ್ಬಿಸಿ ಕಳಿಸಿದ್ದು, ಇದೆಲ್ಲ ಎದೆಯ ಸುತ್ತಳತೆ ತೆಗೆಯುವಾಗ ಬರುವ ಅಧ್ಯಾಯ. (ಕೇಳುತ್ತಾ ಕೇಳುತ್ತಾ ಗಿರಾಕಿಯ ಎದೆಯೂ ಉಬ್ಬಿ, ಅಂಗಿ ಒಂದಿಂಚು ಸಡಿಲವಾದದ್ದೂ ಉಂಟು.)

ಒಳಕೋಣೆಯಲ್ಲಿ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದ ಅವರ ಹೆಂಡತಿ ಈ ಕಥೆಗೆ ಹೂಂ ಎನ್ನುತ್ತಲೂ ಇರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ. ಮನೆಯಲ್ಲಿ ಜಿರಲೆ ಕಂಡರೆ ಸ್ಟೂಲು ಹತ್ತುವವರು ಯಾರು, ಪೊರಕೆ ಹಿಡಿಯುವವರು ಯಾರು ಎಂಬುದು ಆಕೆಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು. ಬೀದಿಯವರೆಲ್ಲ ಆಕೆಯನ್ನು ‘ಅಕ್ಕ’ ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ.

ಅಂಗಡಿಯಲ್ಲಿ ಗೆರೆ ಎಳೆಯದೆಯೇ ಒಂದು ಗಡಿ ಇತ್ತು. ಮುಂದಿನ ಕಟಿಂಗ್ ಮೇಜು, ಅದರ ಮೇಲಿನ ದೊಡ್ಡ ಕತ್ತರಿ, ಎರಡೂ ಮಾಸ್ಟರ ಸಾಮ್ರಾಜ್ಯ. ಕಾಜಾ, ಗುಂಡಿ, ಅಂಚು, ಅಸ್ತರು, ಕಾಲರು, ಅಂದರೆ ಕತ್ತರಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ, ಅಕ್ಕನ ಪಾಲು. “ಒಂದೇ ಒಂದು ಕೋಟು ನಾನು ಕತ್ತರಿಸ್ಲಾ?” ಎಂದು ಆಕೆ ಕೇಳಿದಾಗಲೆಲ್ಲ ಮಾಸ್ಟರು ಆಕೆ ಹೊಲಿದ ಕಾಜಾವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಇನ್ನೂ ಸ್ವಲ್ಪ ಕೈ ಕೂರ್ಬೇಕು” ಎನ್ನುವರು. ಮೊದಲ ಸಲ ಹೀಗೆಂದಾಗ ತೊಟ್ಟಿಲಲ್ಲಿದ್ದ ಮಗಳು ಈಗ ಕಾಲೇಜು ಹಾಸ್ಟೆಲಿನಲ್ಲಿದ್ದಾಳೆ. ಅಕ್ಕನ ಕೈ ಮಾತ್ರ ಇನ್ನೂ ಕೂರುತ್ತಲೇ ಇತ್ತು.

ಹೀಗಿರುವಾಗ ಒಂದು ಬೆಳಗ್ಗೆ ಅಕ್ಕನ ತಮ್ಮ ಬಂದ. ಊರಿನ ಚಿತ್ರ ಸಂಘದ ಕಾರ್ಯದರ್ಶಿ. ವರ್ಷಗಟ್ಟಲೆ ಕ್ಯಾಮೆರಾದ ಚೀಲ ಹೊತ್ತು ಹೊತ್ತು ಅವನ ಎಡ ಭುಜ ಇಳಿಜಾರಾಗಿತ್ತು. ಮಾಸ್ಟರು ಯಾವ ಕೋಟು ಹೊಲಿದರೂ ಅದು ಅವನ ಮೈಮೇಲೆ ಮಳೆನೀರು ಇಳಿಸುವ ಚಾವಣಿಯಂತೆ ಕೂರುತ್ತಿತ್ತು. “ಭುಜ ನಿಂದು, ತಪ್ಪೂ ನಿಂದೇ. ಇದನ್ನ ಸರಿ ಮಾಡೋಕೆ ಹುಟ್ಟಿಸಿದೋನಿಗೂ ಆಗಲ್ಲ” ಎಂದು ಮಾಸ್ಟರು ಆ ಫೈಲನ್ನು ಎಂದೋ ಮುಚ್ಚಿದ್ದರು.

“ಭಾವ,” ಅಂದ ಭಾಮೈದ, “ಮುಂದಿನ ತಿಂಗಳು ಟಾಕೀಸಲ್ಲಿ ರಾತ್ರಿಯಿಡೀ ದೆವ್ವದ ಸಿನಿಮಾಗಳ ಉತ್ಸವ. ಮೊದಲನೇ ಸಾಲಿನ ನಟ್ಟನಡು ಸೀಟು ನಿಮಗೇ ಇಟ್ಟಿದೀನಿ. ಊರಲ್ಲಿ ಹೆದರದೇ ಇರೋರು ಅಂದ್ರೆ ನೀವೊಬ್ರೇ ಅಲ್ವಾ.”

ಮಾಸ್ಟರ ತುಟಿಗಳ ನಡುವೆ ಎರಡು ಗುಂಡುಸೂಜಿಗಳಿದ್ದವು. ಅವು ಹೊಟ್ಟೆಗೆ ಇಳಿಯದೆ ಉಳಿದದ್ದು ಹಿರಿಯರ ಪುಣ್ಯ.

“ಬರ್ತಿದ್ದೆನಪ್ಪ. ಆದ್ರೆ ಕೆಲಸ ನೋಡು, ಕುತ್ತಿಗೆವರೆಗೂ ಬಂದಿದೆ.”

“ಕೆಲಸ ನಾನ್ ನೋಡ್ಕೋತೀನಿ, ಹೋಗ್ಬನ್ನಿ” ಎಂದು ಒಳಗಿನಿಂದ ದನಿ ಬಂತು.

“ಹೋಗೋಕೇನು, ಅಂಥಾವು ನೂರು ನೋಡಿದೀನಿ.”

“ಹಾಗಾದ್ರೆ ಕಿರುಚಲ್ಲ ಅನ್ನಿ” ಎಂದಿತು ಒಳಗಿನ ದನಿ.

“ಕಿರುಚೋದಾ? ನಾನಾ? ಲೇ, ನಾನೇನಾದ್ರೂ ಕಿರುಚಿದ್ರೆ ಈ ಕತ್ತರಿ ನಿಂಗೇ ಕೊಟ್ಬಿಡ್ತೀನಿ, ಮೇಜಿನ ಸಮೇತ. ನಾನು ಒಳಗೆ ಕೂತು ಕಾಜಾ ಹಾಕ್ತೀನಿ.”

ಮಾತು ಮನೆ ಕೆಡಿಸಿತು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಟ್ರಯಲ್ಲಿಗೆ ಬಂದು ಒಂದೇ ತೋಳಿನ ಕೋಟಿನಲ್ಲಿ ನಿಂತಿದ್ದ ಬ್ಯಾಂಕ್ ಮ್ಯಾನೇಜರು “ನಾನು ಸಾಕ್ಷಿ” ಎಂದು ಇನ್ನೊಂದು ಬರಿಗೈ ಎತ್ತಿದರು. ಒಳಗೆ ಟಕಟಕ ಎನ್ನುತ್ತಿದ್ದ ಹೊಲಿಗೆ ಯಂತ್ರ ನಿಂತುಹೋಗಿತ್ತು. ಅಕ್ಕ ಬಾಗಿಲಿಗೆ ಬಂದು ಆ ಕತ್ತರಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ನಗಲಿಲ್ಲ. ಮಾಸ್ಟರಿಗೆ ಇದು ತಮಾಷೆ. ಆಕೆಗೆ ಅಲ್ಲ ಎಂಬುದು ಆ ನೋಟದಲ್ಲೇ ಇತ್ತು.

ಹೋಗುವಾಗ ಭಾಮೈದ ಒಂದು ಪೆನ್‌ಡ್ರೈವ್ ಕೊಟ್ಟ. “ಇದರಲ್ಲಿ ಹಳೇ ಕಾಲದ ಒಳ್ಳೊಳ್ಳೆ ದೆವ್ವದ ಚಿತ್ರಗಳಿವೆ ಭಾವ. ಉತ್ಸವಕ್ಕೆ ಮುಂಚೆ ನೋಡ್ಕೊಂಡು ಬಂದ್ರೆ ರುಚಿ ಹೆಚ್ಚು. ನೀವು ನೋಡಿರೋವೇ, ಇನ್ನೊಂದ್ಸಲ ನೋಡಿದ ಹಾಗಾಗತ್ತೆ.”

ನಿಜ ಹೇಳಬೇಕೆಂದರೆ ಮಾಸ್ಟರು ಅಂದು ಟಾಕೀಸಿನಲ್ಲಿ ನಿದ್ದೆ ಹೋಗಿದ್ದಲ್ಲ. ಕಣ್ಣು ಮುಚ್ಚಿದ್ದವರು ತೆರೆದಿರಲಿಲ್ಲ. ಆದ್ದರಿಂದ ತಾಲೀಮು ಅನಿವಾರ್ಯವಾಯಿತು. ಅಂಗಡಿಯ ರಜೆಯ ದಿನ, ಅಂಗಡಿಯ ಮೇಲಿನ ಮನೆಯಲ್ಲಿ, ಹಾಡಹಗಲಲ್ಲಿ, ಕಿಟಕಿಗಳನ್ನೆಲ್ಲ ತೆರೆದು, ಸಾಲದ್ದಕ್ಕೆ ಟ್ಯೂಬ್‌ಲೈಟನ್ನೂ ಹಾಕಿಕೊಂಡು ಮಾಸ್ಟರು ಟಿವಿಯ ಮುಂದೆ ಆಸೀನರಾದರು. ಬಿಸಿಲು ಪರದೆಯ ಮೇಲೆ ಬಿದ್ದು ದೆವ್ವ ಅರ್ಧಂಬರ್ಧವೇ ಕಾಣುತ್ತಿತ್ತು. ಆ ಅರ್ಧವೇ ಧಾರಾಳವಾಯಿತು.

ಮೊದಲನೆಯದು ಬಂಗಲೆಯ ಒಡೆಯನೊಬ್ಬ ರಕ್ತ ಕುಡಿಯುವ ಚಿತ್ರ. ಬಾಗಿಲು ಕಿರ್ ಎಂದಿತು. ಮಾಸ್ಟರು ನೀರು ಕುಡಿಯಲು ಎದ್ದರು. ಮೆಟ್ಟಿಲ ಮೇಲೆ ನೆರಳು ಕಂಡಿತು, ಮತ್ತೆ ನೀರು. ಶವಪೆಟ್ಟಿಗೆಯ ಮುಚ್ಚಳ ಸರಿಯಿತು. ಇಷ್ಟು ಹೊತ್ತು ಕುಡಿದ ನೀರಿನ ಪರಿಣಾಮವಾಗಿ ಬೇರೆ ಕಡೆಗೇ ಹೋಗಬೇಕಾಯಿತು. ಒಟ್ಟಿನಲ್ಲಿ ಅವರು ನೋಡಿದ್ದು ಚಿತ್ರದ ಹೆಸರು ಮತ್ತು ಮುಕ್ತಾಯ.

ಪಕ್ಕದಲ್ಲಿ ಅಂಗಿಗೆ ಗುಂಡಿ ಹಾಕುತ್ತಾ ಪೂರ್ತಿ ಚಿತ್ರ ನೋಡಿದ ಅಕ್ಕ ದಾರ ಕಚ್ಚಿ ಕತ್ತರಿಸಿ, “ರೀ, ನೀವ್ಯಾಕೆ ಅವನ ಮುಖ ನೋಡ್ತೀರಿ?” ಎಂದರು.

“ಮತ್ತೇನ್ ನೋಡ್ಲಿ?”

“ಅಂಗಡಿಗೆ ಬಂದೋರ ಮುಖ ಯಾವತ್ತಾದ್ರೂ ನೋಡಿದೀರಾ? ನಮ್ಮಪ್ಪ ಸಂತೇಲಿ ಎದುರಿಗೇ ಬಂದ್ರೆ ಗುರುತು ಹಿಡೀಲಿಲ್ಲ. ಅವರು ಬೆನ್ನು ತಿರುಗಿಸಿದ್ಮೇಲೆ ‘ಓ ಮಾವ, ಕಾಲರು ಸುಕ್ಕಾಗಿದೆ’ ಅಂದ್ರಿ. ದೆವ್ವದ್ದೂ ಬಟ್ಟೆ ನೋಡ್ರಿ.”

ಜ್ಞಾನೋದಯವಾಗಲು ಮಾಸ್ಟರಿಗೆ ಯಾವ ಮರವೂ ಬೇಕಾಗಲಿಲ್ಲ. ಅದೇ ಚಿತ್ರವನ್ನು ಮತ್ತೆ ಹಾಕಿಸಿದರು. ಬಂಗಲೆಯ ಒಡೆಯ ಕೋರೆಹಲ್ಲು ತೋರಿಸುತ್ತಾ ಮೈಮೇಲೆ ಬಂದಾಗ ಅವರು ಮುಂದಕ್ಕೆ ಬಾಗಿ ಅವನ ಕಂಕುಳು ನೋಡಿದರು. “ಹಾಂ, ನೋಡಿಲ್ಲಿ. ತೋಳು ಎತ್ತಿದ್ರೆ ಕೋಟು ಪೂರ್ತಿ ಮೇಲಕ್ಕೆ ಹೋಗತ್ತೆ. ಕಂಕುಳು ಕತ್ತರಿಸೋಕೆ ಬರ್ದೇ ಇರೋನು ಹೊಲಿದಿದಾನೆ. ಇಂಥಾ ಕೋಟು ಹಾಕ್ಕೊಂಡು ಯಾರ ಕತ್ತು ಹಿಡೀತಾನೆ ಇವನು?”

ಅಲ್ಲಿಂದ ಮುಂದೆ ಮಾಸ್ಟರದು ದಿಗ್ವಿಜಯ. ಗೋರಿಯಿಂದ ಎದ್ದು ಬರುವ ಹೆಣದ ಮೈಗೆ ಸುತ್ತಿದ ಪಟ್ಟಿಗಳ ಅಂಚು ಹರಿದದ್ದಲ್ಲ, ಯಂತ್ರದಲ್ಲಿ ಕತ್ತರಿಸಿದ್ದು ಎಂದು ಕಂಡುಹಿಡಿದರು. ದೀಪ ಹಿಡಿದು ಮೆಟ್ಟಿಲಿಳಿಯುವ ಹೆಂಗಸಿನ ಬಿಳಿ ನಿಲುವಂಗಿಯ ಅಂಚು ಮೇಲಿನ ಮೆಟ್ಟಿಲಲ್ಲಿ ನೆಲ ಗುಡಿಸುತ್ತಿದ್ದು, ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಹಿಮ್ಮಡಿಗಿಂತ ಮೇಲಿತ್ತು. “ನಡುವೆ ಯಾರೋ ಟ್ರಯಲ್ ನೋಡಿ ಮಡಚಿದಾರೆ” ಎಂದು ಮಾಸ್ಟರು ತೊಡೆ ತಟ್ಟಿ ನಕ್ಕರು. ಅವರೊಂದು ಸಿದ್ಧಾಂತವನ್ನೂ ಪ್ರತಿಪಾದಿಸಿದರು: ಹೊಲಿಗೆಯಲ್ಲಿ ತಪ್ಪಿದ್ದರೆ ಹೊಲಿದವನು ಮನುಷ್ಯ, ಹೊಲಿದವನು ಮನುಷ್ಯನಾದರೆ ತೊಟ್ಟವನೂ ಮನುಷ್ಯ, ಮನುಷ್ಯನಿಗೆ ಯಾಕೆ ಹೆದರಬೇಕು?

“ಇನ್ಮೇಲೆ ನಾನ್ ಜೊತೆಗೆ ಕೂರ್ಬೇಕಾ?” ಎಂದು ಅಕ್ಕ ಕೇಳಿದರು. “ಕೆಳಗೆ ಒಂದು ಅರ್ಜೆಂಟ್ ಕೆಲಸ ಇದೆ.”

“ಹೋಗ್ ಹೋಗು. ಇದೆಲ್ಲ ನಂಗೆ ಮಕ್ಕಳಾಟ.”

ಊಟದ ಬಿಡುವೆಲ್ಲ ಮಾಸ್ಟರು ಮೇಲೆ, ಅಕ್ಕ ಕೆಳಗೆ ಅಂಗಡಿಯಲ್ಲಿ. ಕೆಲವೊಮ್ಮೆ ಬಿಡುವು ಸಂಜೆಯವರೆಗೂ ಹಿಗ್ಗುತ್ತಿತ್ತು, ಏಕೆಂದರೆ ಒಂದೊಂದು ದೆವ್ವದಲ್ಲೂ ಅಷ್ಟೊಂದು ತಪ್ಪುಗಳಿದ್ದವು. ಮೆಟ್ಟಿಲ ತುದಿಯಿಂದ ಮಾಸ್ಟರು ಕೂಗಿ ವರದಿ ಕೊಡುವರು, “ಕೇಳಿಸ್ತಾ? ಇವನ ಜೇಬು ಸೊಟ್ಟ!” ಕೆಳಗಿನಿಂದ ಅಕ್ಕ, “ಹೌದಾ? ನೋಡ್ಕೊಳ್ಳಿ, ಎಲ್ಲಾ ತಪ್ಪೂ ಚೆನ್ನಾಗಿ ನೋಡ್ಕೊಂಡು ನಂಗೂ ಹೇಳಿ” ಎನ್ನುವರು. ಹೆಂಡತಿಗೆ ತನ್ನ ವಿದ್ಯೆಯ ಮೇಲೆ ಇಷ್ಟು ಗೌರವ ಬಂದದ್ದು ಕಂಡು ಮಾಸ್ಟರಿಗೆ ಕಣ್ಣು ತುಂಬಿತು.

ಉತ್ಸವದ ರಾತ್ರಿ ಬಂತು. ಮಾಸ್ಟರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಕೊರಳಿಗೆ ಅಳತೆಯ ಟೇಪನ್ನೂ ಇಳಿಬಿಟ್ಟುಕೊಂಡು (ಸೇನಾಪತಿಗೆ ಖಡ್ಗ ಇದ್ದ ಹಾಗೆ) ಮೊದಲನೇ ಸಾಲಿನ ನಟ್ಟನಡುವೆ ಕೂತರು. ಬಲಗಡೆ ಅಕ್ಕ, ಎಡಗಡೆ ಸಾಕ್ಷಿದಾರ ಬ್ಯಾಂಕ್ ಮ್ಯಾನೇಜರು. ಮೊದಲ ಚಿತ್ರಕ್ಕೆ ಹಿಂದಿನ ಸಾಲುಗಳು ಕಿರುಚಿದವು, ಮಾಸ್ಟರು ಆಕಳಿಸಿದರು. ಎರಡನೆಯದಕ್ಕೆ ಮ್ಯಾನೇಜರು ಕುರ್ಚಿಯ ಕೈ ಬಿಟ್ಟು ಮಾಸ್ಟರ ಕೈ ಹಿಡಿದುಕೊಂಡರು. “ಹೆದರ್ಬೇಡಿ ಸಾರ್, ಅವನ ಪ್ಯಾಂಟು ನೋಡಿ” ಎಂದು ಮಾಸ್ಟರು ಸಮಾಧಾನ ಹೇಳಿದರು. ಅಷ್ಟು ದೊಡ್ಡ ಟಾಕೀಸಿನಲ್ಲಿ ಅಷ್ಟು ಹೆಮ್ಮೆಯಿಂದ ಕೂತವರು ಇನ್ನೊಬ್ಬರಿರಲಿಲ್ಲ.

ಕೊನೆಯ ಚಿತ್ರದ ನಡುವೆ ಸಂಘದವರೇ ಒಬ್ಬರು ದೆವ್ವದ ವೇಷ ತೊಟ್ಟು ಸಭೆಯ ನಡುವೆ ಬರುವುದು ಆ ಉತ್ಸವದ ಪದ್ಧತಿ. ಇದು ಎಲ್ಲರಿಗೂ ಗೊತ್ತು, ಮಾಸ್ಟರಿಗೂ ಗೊತ್ತು. ಈ ಸಲ ಬರುವವನು ಭಾಮೈದನೇ ಎಂದು ಅವರು ಊಹಿಸಿದ್ದರು. ಹತ್ತಿರ ಬರುತ್ತಲೇ “ಏನಪ್ಪಾ, ಎಡ ಭುಜ ಹೇಗಿದೆ?” ಎಂದು ಕೇಳಿ ಅವನ ಮಾನ ಹರಾಜು ಹಾಕುವುದೆಂದು ಮಾತನ್ನೂ ಸಿದ್ಧಪಡಿಸಿಕೊಂಡಿದ್ದರು.

ಬಂತು. ಕೈಯಲ್ಲಿ ಲಾಟೀನು, ಮೈಗೆ ಕತ್ತಿನಿಂದ ನೆಲದವರೆಗೆ ಕಪ್ಪು ನಿಲುವಂಗಿ, ಮುಖದ ಮೇಲೆ ಮುಸುಕು. ಸದ್ದಿಲ್ಲದೆ ಮೊದಲನೇ ಸಾಲಿನ ಮುಂದೆ ನಡೆದು ಬಂದು ಮಾಸ್ಟರ ಎದುರಿಗೇ ನಿಂತಿತು. ಮಾಸ್ಟರು ಮುಗುಳ್ನಕ್ಕು, ಮೊದಲು ಎಡ ಭುಜ ನೋಡಿದರು. ಇಳಿಜಾರಿಲ್ಲ. ಬಲ ಭುಜ ನೋಡಿದರು. ಎರಡೂ ತಕ್ಕಡಿಯ ಹಾಗೆ ಸಮ. ಹಾಗಾದರೆ ಇದು ಭಾಮೈದನಲ್ಲ. ಇರಲಿ, ಬೇರೆ ಯಾರೋ. ಕಾಲರು ನೋಡಿದರು, ಕತ್ತಿಗೆ ಕಚ್ಚಿ ಕೂತಿತ್ತು. ದೆವ್ವ ನಿಧಾನವಾಗಿ ತೋಳು ಎತ್ತಿತು. ಕೋಟಾಗಲಿ ಅಂಗಿಯಾಗಲಿ ಇಷ್ಟು ಎತ್ತಿದರೆ ಎಲ್ಲಾದರೂ ಸುಕ್ಕಾಗಲೇಬೇಕು, ಆಗಲಿಲ್ಲ. ಮಾಸ್ಟರ ಮುಗುಳ್ನಗೆ ಒಂದು ಬದಿಯಿಂದ ಬಿಚ್ಚತೊಡಗಿತು. ಬಗ್ಗಿ ಅಂಚು ನೋಡಿದರು. ಸುತ್ತಲೂ ನೆಲದಿಂದ ಒಂದೇ ಎತ್ತರ, ಒಂದು ಎಳೆ ದಾರ ಕೂಡ ಹೊರಗೆ ಕಾಣದು. ಲಾಟೀನಿನ ಬೆಳಕಲ್ಲಿ ಎದೆಯ ಕಾಜಾ ನೋಡಿದರು, ಒಂದು ಕಣ್ಣು ಮುಚ್ಚಿ. ಸಾಲಾಗಿ, ಸಣ್ಣಗೆ, ಅಚ್ಚು ಹಾಕಿದಂತೆ. ಇಡೀ ಜನ್ಮದಲ್ಲಿ ಅಂಥ ಬಟ್ಟೆಯನ್ನು ಅವರು ಕಂಡಿರಲಿಲ್ಲ. ತಪ್ಪೇ ಇಲ್ಲ. ತಪ್ಪಿಲ್ಲ ಎಂದಮೇಲೆ ಹೊಲಿದವನು ಮನುಷ್ಯನಲ್ಲ. ಹೊಲಿದವನು ಮನುಷ್ಯನಲ್ಲ ಎಂದಮೇಲೆ…

“ಅಯ್ಯಯ್ಯೋ! ಇದು ಮನುಷ್ಯರು ಹೊಲಿದಿದ್ದಲ್ವೋ!”

ಆ ಕೂಗಿಗೆ ಪರದೆಯ ಮೇಲಿನ ದೆವ್ವವೂ ಒಂದು ಕ್ಷಣ ತಡೆದಂತಾಯಿತು ಎಂದು ನೋಡಿದವರು ಆಮೇಲೆ ಹೇಳಿದರು. ಮಾಸ್ಟರು ಕುರ್ಚಿ ಹತ್ತಿ, ಅಲ್ಲಿಂದ ಜಾರಿ ಬ್ಯಾಂಕ್ ಮ್ಯಾನೇಜರ ಮಡಿಲಿಗೆ ಬಿದ್ದು, ಅವರ ಕತ್ತಿಗೆ ಜೋತುಬಿದ್ದರು. ದೀಪ ಹಾಕಿದರು. ದೆವ್ವ ಗಾಬರಿಯಿಂದ ಮುಸುಕು ತೆಗೆಯಿತು.

“ಭಾವ, ನಾನು. ನಾನೇ.”

“ನೀನಾ?” ಮಾಸ್ಟರು ಮ್ಯಾನೇಜರ ಕತ್ತು ಬಿಡದೆಯೇ ಕೇಳಿದರು. “ಮತ್ತೆ ನಿನ್ನ ಎಡ ಭುಜ ಎಲ್ಲಿ ಹೋಯ್ತು?”

ಟಾಕೀಸು ಬಿದ್ದು ಬಿದ್ದು ನಕ್ಕಿತು. ಮಾಸ್ಟರಿಗೆ ಆ ನಗು ಕೇಳಿಸಲಿಲ್ಲ. ಅವರು ಮಡಿಲಿನಿಂದ ಇಳಿದು, ನೆಟ್ಟಗೆ ಭಾಮೈದನ ನಿಲುವಂಗಿ ಬಿಚ್ಚಿಸಿ, ಒಳಗು ಹೊರಗು ಮಾಡಿ, ದೀಪಕ್ಕೆ ಹಿಡಿದರು. ಎಡ ಭುಜದ ಒಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆಯನ್ನು ಪದರ ಪದರವಾಗಿ, ಕತ್ತಿನ ಕಡೆ ತೆಳ್ಳಗೆ, ತೋಳಿನ ಕಡೆ ದಪ್ಪಗೆ ಕೂರಿಸಲಾಗಿತ್ತು. ಹುಟ್ಟಿಸಿದವನಿಗೂ ಆಗದ ಕೆಲಸ ಯಾರಿಗೋ ಆಗಿತ್ತು.

“ಯಾರು ಕತ್ತರಿಸಿದ್ದು ಇದನ್ನ?”

ಭಾಮೈದ ಅಕ್ಕನ ಕಡೆ ನೋಡಿದ. ಅಕ್ಕ ಇಡೀ ಚಿತ್ರದಲ್ಲಿ ಪರದೆ ನೋಡಿರಲಿಲ್ಲ, ಗಂಡನ ಕಣ್ಣನ್ನೇ ನೋಡುತ್ತಾ ಕೂತಿದ್ದರು. ಈಗಲೂ ಹಾಗೇ ನೋಡುತ್ತಾ, “ಕಾಜಾ ನೋಡಿದ್ರಲ್ಲ. ಕೈ ಕೂತಿದ್ಯಾ?” ಎಂದು ಕೇಳಿದರು.

“ಹೆದರಿಬಿಟ್ರಲ್ಲ ಮಾಸ್ಟರೇ” ಎಂದರು ಮ್ಯಾನೇಜರು, ಕತ್ತು ನೀವಿಕೊಳ್ಳುತ್ತಾ.

ಮಾಸ್ಟರು ಸಂಕಟಕ್ಕೆ ಸಿಕ್ಕಿದರು. ಹೆದರಿದೆ ಎಂದರೆ ಶೌರ್ಯ ಹೋಯಿತು. ಹೊಲಿಗೆ ಕಂಡು ಕಿರುಚಿದೆ ಎಂದರೆ ಅಂಗಡಿಯಲ್ಲಿ ಮಾಸ್ಟರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕತ್ತರಿಯಂತೂ ಎರಡೂ ದಾರಿಯಲ್ಲೂ ಹೋಯಿತು. ಅವರು ಕೈಯಲ್ಲಿದ್ದ ನಿಲುವಂಗಿಯನ್ನು ಇನ್ನೊಮ್ಮೆ ನೋಡಿದರು. ಅದನ್ನು ನೋಡಿ ಸುಳ್ಳು ಹೇಳಲು ಅವರೊಳಗಿನ ದರ್ಜಿಗೆ ಆಗಲಿಲ್ಲ.

“ಹೆದರಿದ್ದಲ್ಲ ಸಾರ್,” ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಟಾಕೀಸಿಗೆಲ್ಲ ಕೇಳುವಂತೆ ಹೇಳಿದರು, “ಇಂಥಾ ಹೊಲಿಗೆ ನೋಡಿ ಕಿರುಚ್ದೇ ಇದ್ರೆ ಅವನು ಟೈಲರೇ ಅಲ್ಲ. ನನ್ ಹೆಂಡ್ತಿ ಹೊಲಿದಿದ್ದು. ಕತ್ತರಿಸಿದ್ದೂ ಅವಳೇ.” ಜಟ್ಟಿ ಜಾರಿ ಬಿದ್ದಿದ್ದ, ನಿಜ. ಆದರೆ ಅಂದು ಅವರು ಮೀಸೆಯ ಮಣ್ಣನ್ನು ಒರೆಸಿಕೊಳ್ಳಲೂ ಇಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಸೀಟಿನಡಿ ಬಿದ್ದಿದ್ದ ಅಳತೆಯ ಟೇಪನ್ನು ಎತ್ತಿ ತಮ್ಮ ಕೊರಳಿಗೆ ಹಾಕಿಕೊಂಡರು.

ಈಗ ಆ ನಿಲುವಂಗಿ ಅಂಗಡಿಯ ಗಾಜಿನ ಹಿಂದೆ ತೂಗುತ್ತಿದೆ. ಕಟಿಂಗ್ ಮೇಜಿನ ಮುಂದೆ ಅಕ್ಕ, ಒಳಕೋಣೆಯಲ್ಲಿ ಮಾಸ್ಟರು. ಗಿರಾಕಿಗಳಿಗೆ ಶೌರ್ಯದ ಕಥೆ ತಪ್ಪಿತೆಂದುಕೊಳ್ಳಬೇಡಿ. ಅದು ಈಗ ಒಳಗಿನಿಂದ, ಇನ್ನೂ ದೊಡ್ಡ ದನಿಯಲ್ಲಿ, ಬೇರೆ ಕೊನೆಯೊಂದಿಗೆ ಬರುತ್ತದೆ. ಮೊನ್ನೆ ಬ್ಯಾಂಕ್ ಮ್ಯಾನೇಜರು ಹೊಸ ಕೋಟಿಗೆ ಅಳತೆ ಕೊಡುತ್ತಾ ನಿಂತಿದ್ದಾಗ ಮಾಸ್ಟರು ಬಾಗಿಲ ಸಂದಿಯಿಂದ ಕೈ ಚಾಚಿ ತಾವು ಹೊಲಿದ ಕಾಜಾ ತೋರಿಸಿದರು. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದರು.

“ಇನ್ನೂ ಸ್ವಲ್ಪ ಕೈ ಕೂರ್ಬೇಕು.”

“ಕೇಳಿದ್ರಾ ಸಾರ್?” ಒಳಗಿನಿಂದ ಮಾಸ್ಟರ ದನಿ ಹೆಮ್ಮೆಯಿಂದ ಬಂತು. “ಇಷ್ಟು ಕಟ್ಟುನಿಟ್ಟು ಆಕೆಗೆ ಯಾರು ಕಲಿಸಿದ್ದು ಅಂದ್ಕೊಂಡ್ರಿ?”

ಅಕ್ಕ ಕಾಜಾದ ಹೊಲಿಗೆ ಬಿಚ್ಚಿ ವಾಪಸ್ ಒಳಗೆ ಕಳಿಸಿದರು.