ತವರಿಗೆ ಹೋದ ಕೊಲಂಬೈನ್

ನಮ್ಮ ದೊಡ್ಡವ್ವನಿಗೆ ಸಿಟ್ಟು ಸುಲಭಕ್ಕೆ ಬರುವುದಿಲ್ಲ. ಬಂದರೆ ಹೋಗುವುದೂ ಇಲ್ಲ!

ಸಂಡೂರಿನಲ್ಲಿರುವ ಅವಳ ತಮ್ಮ, ಅಂದರೆ ನನ್ನ ಮಾವ, ಒಂದು ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲು ತಾನೇ ಬರದೆ ಫೋನು ಮಾಡಿಬಿಟ್ಟ. "ಫೋನಿನಾಗ ಕರದ್ರ ಫೋನಿನಾಗ ಬರ್ತೀನಿ" ಎಂದು ಫೋನಿಟ್ಟವಳು ಆಮೇಲೆ ತವರಿನ ಹೊಸ್ತಿಲು ತುಳಿಯಲಿಲ್ಲ. ಅವನೂ ಅವಳ ತಮ್ಮನೇ ತಾನೆ? ಮಾತು ಬಿಟ್ಟ. ನಮ್ಮ ಹೊಸಪೇಟೆಯಿಂದ ಸಂಡೂರೇನು ಸಮುದ್ರದಾಚೆ ಇದೆಯೆ? ಆದರೆ ಮೊದಲು ಬಸ್ಸು ಹತ್ತುವವರು ಯಾರು?

ಇದರ ಚಿಂತೆ ಅವರಿಬ್ಬರಿಗಿಂತ ನನಗೇ ಹೆಚ್ಚು. ಮಳೆ ಬಂದರೆ ಡ್ಯಾಂ ಉಕ್ಕೀತೆಂದೂ ಬಾರದಿದ್ದರೆ ತುಂಬಲಿಕ್ಕಿಲ್ಲವೆಂದೂ ಕೊರಗುವ ಪ್ರಾಣಿ ನಾನು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಹೂವಿನ ಚಿತ್ರಕ್ಕೆ ಮರುಳಾಗಿ ಕೊಲಂಬೈನ್ ಬೀಜ ತರಿಸಿದೆ. ಅದು ಚಳಿನಾಡಿನ ಗಿಡ ಎಂಬುದನ್ನು ಪೊಟ್ಟಣ ಕೈಗೆ ಬಂದ ಮೇಲೆ ಓದಿದೆ! ನಮ್ಮೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ನೀರು ಕಾಯಿಸುವ ಕೆಲಸವೇ ಇಲ್ಲ.

"ಮೊಳಿಯಾಕ ಚಳಿ ಬೇಕಂತೇನು? ಅದಕ್ಯಾಕ ಅಷ್ಟು ಮಾರಿ ಸಣ್ಣ ಮಾಡ್ತಿ?" ಎಂದ ದೊಡ್ಡವ್ವ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಳು. ಕಪ್ಪಗೆ ಮಿರಿಮಿರಿ ಮಿಂಚುವ ಬೀಜ. ನನ್ನ ಹೆಂಡತಿ ಸಾಸಿವೆ ಎಂದು ಒಗ್ಗರಣೆಗೆ ಹಾಕಿದರೆ? ಅದೂ ಒಂದು ಚಿಂತೆ. ಅವಳು ಅಡುಗೆಗೆ ನಿಂತಾಗಲೆಲ್ಲ ನಾನು ಬಾಗಿಲಲ್ಲಿ ಕಾವಲು.

ಅಂತೂ ಕುಂಡದಲ್ಲಿ ಮೊಳಕೆ ಎದ್ದವು. ಒಣಗಿಯಾವೆಂದು ನಾನು ಸುಳಿದಾಡಿದಾಗಲೆಲ್ಲ ಚೊಂಬು ನೀರು ಸುರಿದೆ. ಒಂದೊಂದೇ ಬುಡ ಕೊಳೆತು ಮಲಗಿದವು.

"ಲೇ, ಅದು ಗಿಡ ಐತಿ, ಎಮ್ಮಿ ಅಲ್ಲ! ಮಣ್ಣಾಗ ಬೆರಳಿಟ್ಟು ನೋಡು, ಒಣಗಿದ್ರ ಹಾಕು!" ದೊಡ್ಡವ್ವ ಗದರಿದಳು.

ಹೀಗೆ ನನ್ನ ಪ್ರೀತಿಯಿಂದ ಪಾರಾಗಿ ಉಳಿದದ್ದು ಒಂದೇ ಒಂದು ಗಿಡ. ಅದಿರು ಲಾರಿಗಳ ಕೆಂಧೂಳು ಕೂತ ಅದರ ಎಲೆಗಳನ್ನು ದೊಡ್ಡವ್ವ ಮಗುವಿನ ಮುಖದಂತೆ ಒರೆಸುತ್ತಿದ್ದಳು. ಬೇಸಿಗೆ ಬರುತ್ತಲೇ ಅದೂ ಬಾಡತೊಡಗಿತು. ಒಂದು ದಿನ ಅವಳು ಗೋಡೆಗೆ ಹೇಳುವವಳಂತೆ, "ನಮ್ಮ ತವರಮನಿ ಪಡಸಾಲ್ಯಾಗ ಇದ್ದಿದ್ರ ಬದುಕ್ತಿತ್ತು. ಗುಡ್ಡದ ತಂಪು" ಎಂದಳು.

"ಹಂಗಾದ್ರ ಹೋಗೋಣೇನು?"

"ನಾ ಯಾಕ? ಗಿಡಕ್ಕೇನು ಸಿಟ್ಟಿಲ್ಲ, ಅದು ಹೋಗ್ಲಿ."

ಒದ್ದೆ ಗೋಣಿ ಸುತ್ತಿದ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸಂಡೂರು ಬಸ್ಸಿನಲ್ಲಿ ಕುಳಿತೆ. ಪ್ರತಿ ತಿರುವಿನಲ್ಲೂ ಅದನ್ನು ಎದೆಗವಚಿಕೊಳ್ಳುತ್ತಿದ್ದೆ. ಕಂಡಕ್ಟರ್ ನೋಡಿ ನೋಡಿ, "ಸರ, ಕೂಸಿಗೆ ಅರ್ಧ ಟಿಕೆಟ್ ಹರೀಲೇನ್ರಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು!

ಸಂಡೂರಿನ ಮಾವ ಬಾಗಿಲಲ್ಲೇ ಕೇಳಿದ: "ಯಾರು ಕಳಿಸ್ಯಾರ?"

"ದೊಡ್ಡವ್ವ."

ಅವನು ನನ್ನ ಕೈಯಿಂದ ಕುಂಡ ಇಸಿದುಕೊಂಡ. ಪಡಸಾಲೆಯ ತಂಪು ಮೂಲೆಯಲ್ಲಿದ್ದ ಕುಡಿಯುವ ನೀರಿನ ಗಡಿಗೆಯನ್ನು ಆಚೆ ಸರಿಸಿ, ಆ ಜಾಗದಲ್ಲಿ ಕುಂಡ ಇಟ್ಟ.

ಅಂದಿನಿಂದ ನಾನು ಗಿಡದ ವಕೀಲನಾದೆ. ಫೋನು ನನ್ನ ಕಿವಿಗೆ, ದೊಡ್ಡವ್ವ ನನ್ನ ಬೆನ್ನಿಗೆ. "ಮಧ್ಯಾಹ್ನದ ಬಿಸಲು ಬ್ಯಾಡ ಅನ್ನು ಅವನಿಗೆ!" ಆ ಕಡೆಯಿಂದ, "ನನಗ ಗೊತ್ತೈತಿ ಅನ್ನು ಆಕಿಗೆ!" ಇಬ್ಬರ ಕೂಗೂ ಇಬ್ಬರಿಗೂ ನೇರವಾಗಿ ಕೇಳುತ್ತಿತ್ತು. ಆದರೂ ನಾನು ಪ್ರತಿ ಮಾತನ್ನೂ ದಾಟಿಸಬೇಕು! ಗಿಡ ಸತ್ತರೆ ಈ ಮಾತೂ ನಿಲ್ಲುತ್ತದಲ್ಲ ಎಂಬ ಹೊಸ ದಿಗಿಲು ನನಗೆ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ಫೋನಿಲ್ಲ, ಸುದ್ದಿಯಿಲ್ಲ, ಮಾವ ನಮ್ಮ ಬಾಗಿಲಲ್ಲಿ ನಿಂತಿದ್ದ. ಕೈ ಬರಿದು. ಗಿಡ ಹೋಯಿತೆಂದೇ ನಾನು ತಿಳಿದೆ.

"ಅಕ್ಕಾ, ಹೂ ಬಿಟ್ಟೈತಿ. ಹರಕೊಂಡು ಬರಾಕ ಮನಸ್ಸಾಗ್ಲಿಲ್ಲ. ಕರಿಯಾಕ ಬಂದೀನಿ, ನೀನ ಬಾ."

ದೊಡ್ಡವ್ವ ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಭಾಳ ಸೊರಗೀದಿ" ಎಂದಷ್ಟೇ ಹೇಳಿ ಸೀರೆ ಬದಲಿಸಲು ಒಳಗೆ ಹೋದಳು.

ಕೊಲಂಬೈನ್ ತಲೆ ತಗ್ಗಿಸಿ ಅರಳುವ ಹೂವು. ಅದರ ಮುಖ ನೋಡಬೇಕೆಂದರೆ ನಾವೇ ಕೆಳಗಾಗಬೇಕು. ಸಂಡೂರಿನ ಪಡಸಾಲೆಯಲ್ಲಿ ಅಕ್ಕ ತಮ್ಮ ಇಬ್ಬರೂ ನೆಲಕ್ಕೆ ಕೂತು, ಭುಜಕ್ಕೆ ಭುಜ ತಾಗಿಸಿ, ಕತ್ತು ವಾರೆ ಮಾಡಿ ಆ ಒಂದು ನೇರಳೆ ಹೂವನ್ನು ನೋಡುತ್ತಿದ್ದರು. ಇಬ್ಬರಿಗೂ ಮೊಣಕಾಲು ನೋವು. ಇವರನ್ನು ಎಬ್ಬಿಸುವುದು ಹೇಗಪ್ಪಾ ಎಂದು ನಾನು ಹಿಂದೆ ನಿಂತು ಚಿಂತಿಸುತ್ತಿದ್ದೆ.

ಅವರಿಗೆ ಏಳುವ ಮನಸ್ಸೇ ಇರಲಿಲ್ಲ.