ಸ್ವಂತ ಗಂಟಲು

ಶನಿವಾರ ಬೆಳಿಗ್ಗೆ ರೇಡಿಯೊದವನೊಬ್ಬ ಕೆಫಿಲ್ವೆಯ ಹಾಡು ಹಾಕಿ, ಮುಗಿದ ಮೇಲೆ ಸುಮ್ಮನಿರಲಾರದೆ ಒಂದು ಮಾತು ಸೇರಿಸಿದ: "ಇಷ್ಟು ಚೆಂದದ ಮುಖ, ಇಷ್ಟು ಚೆಂದದ ಗಂಟಲು, ಎರಡನ್ನೂ ದೇವ್ರು ಒಬ್ಬಳಿಗೇ ಕೊಡ್ತಾನಾ? ಹಾಡಿರೋದು ಬೇರೆ ಯಾರೋ ಇರ್ಬೇಕು ಬಿಡಿ." ನಕ್ಕು ವಾರ್ತೆಗೆ ಹೋದ. ನಮ್ಮೂರು ಫ್ರಾನ್ಸಿಸ್‌ಟೌನಿನ ಜನ ನಗುವನ್ನು ಬಿಟ್ಟು ಉಳಿದದ್ದನ್ನೆಲ್ಲ ನಂಬಿದರು.

ಒಂಬತ್ತು ವರ್ಷ ಕೆಫಿಲ್ವೆ ಮಾಡೆಲ್ ಆಗಿದ್ದಳು. ಜೋಳದ ಹಿಟ್ಟಿನ ಚೀಲದ ಮೇಲೂ ಅವಳದೇ ಮುಖ. ಅಷ್ಟು ವರ್ಷವೂ ಅವಳಿಗೆ ತಿರುಗು, ನಿಲ್ಲು, ನಗು ಎಂದವರೇ ಹೊರತು ನೀನೇನಂತೀಯಾ ಎಂದು ಕೇಳಿದವರಿಲ್ಲ. ಸಾಕಾಗಿ ಹೋಗಿತ್ತು. ಎರಡು ವರ್ಷ ಗಂಟಲು ಹರಿದುಕೊಂಡು ಕಲಿತು ರಾಕ್ ತಂಡ ಸೇರಿದ್ದಳು. ಇವತ್ತು ಮಧ್ಯಾಹ್ನ ತನ್ನೂರಿನ ಮೈದಾನದಲ್ಲಿ ಮೊದಲ ಸಲ ಹಾಡಬೇಕು. ದನಿ ತನ್ನದೇ ಎಂದು ಊರು ಒಪ್ಪಿದರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

ಬೀದಿಯ ತಿರುವಿನಲ್ಲಿ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದ ಮ್ಮಾ-ತೆಬೋಗೊ ಅವಳನ್ನು ಕಂಡದ್ದೇ ಸೌಟು ಎತ್ತಿದಳು.

"ಮಗಳೇ, ನಿನ್ನ ಹೆಸ್ರಲ್ಲಿ ಹಾಡೋಳು ಯಾರೇ?"

"ನಾನೇ, ಮ್ಮಾ!"

"ಹಂಗಾದ್ರೆ ಇಲ್ಲೇ ಹಾಡು, ಕೇಳೋಣ."

ಹಾಡಿದಳು. ಸಾಲಿನಲ್ಲಿ ನಿಂತವರು ಬಾಯಿಗೆ ಹಾಕಿದ್ದನ್ನು ನುಂಗಲು ಮರೆತರು. ಮುಗಿದೊಡನೆ ಮ್ಮಾ-ತೆಬೋಗೊ ಎಣ್ಣೆ ಕೈಯಲ್ಲೇ ಬಂದು ಕೆಫಿಲ್ವೆಯ ಕೈಚೀಲ ತಡಕಾಡಿ ಮೊಬೈಲ್ ಹೊರತೆಗೆದಳು. "ಇಲ್ಲಿದೆ ನೋಡ್ರಪ್ಪಾ!"

"ಅದ್ರಲ್ಲಿ ಚಾರ್ಜೇ ಇಲ್ಲ, ಮ್ಮಾ!"

"ಎಲ್ಲಿರುತ್ತೆ? ಹಾಡಿ ಹಾಡಿ ಖಾಲಿಯಾಗಿದೆ."

ಮೈದಾನ ಮುಟ್ಟುವ ಹೊತ್ತಿಗೆ ಇಂಥ ಪರೀಕ್ಷೆ ಮೂರು ಕಡೆ ಆಗಿ, ಕೆಫಿಲ್ವೆಗೆ ಅಳು ಬಂದಿತ್ತು. ಅವಳನ್ನು ನಂಬಿದ್ದವನು ತಂಡದ ಗಿಟಾರಿನ ಫೆನ್ಯೊ ಒಬ್ಬನೇ. ತೊಗಲಿನ ಕೋಟು, ತೊಗಲಿನ ಟೋಪಿ, ಮೈತುಂಬ ಸರಪಳಿ ಹೊತ್ತು ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬೇಯುತ್ತಿದ್ದ ಒಳ್ಳೆಯ ಮನುಷ್ಯ.

"ಅಕ್ಕಾ, ನಿನ್ನ ತಪ್ಪೇನು ಗೊತ್ತಾ? ನೀನು ತಪ್ಪೇ ಮಾಡಲ್ಲ," ಎಂದ ಅವನು. "ಟೇಪು ತಪ್ಪಲ್ಲ, ಮನುಷ್ಯರು ತಪ್ತಾರೆ. ಒಂದು ಕಡೆ ದನಿ ಒಡೀಲಿ. ಜನ ಬಾಯ್ಮುಚ್ಕೋತಾರೆ."

"ಎರಡು ವರ್ಷ ಕಲ್ತಿದ್ದು ಇದಕ್ಕಾ?"

"ಒಂದೇ ಸಾಲು, ಅಕ್ಕಾ."

ಅವಳು ಒಪ್ಪಲಿಲ್ಲ. ಮೊದಲ ಹಾಡನ್ನು ಕೂದಲೆಳೆಯಷ್ಟೂ ತಪ್ಪದೆ ಹಾಡಿದಳು. ತೊಗಲು ತೊಟ್ಟ ಮುನ್ನೂರು ಜನ ಮುಷ್ಟಿ ಎತ್ತಿ, "ಟೇಪ್ ನಿಲ್ಸಿ! ಟೇಪ್ ನಿಲ್ಸಿ!" ಎಂದು ಅಬ್ಬರಿಸಿದರು. ನಮ್ಮ ರಾಕ್ ಜನ ನೋಡಲು ಭಯಂಕರ, ನಡತೆಯಲ್ಲಿ ಸಭ್ಯರು, "ದಯವಿಟ್ಟು!" ಎಂದೂ ಸೇರಿಸಿದರು.

ಎರಡನೆಯ ಹಾಡಿನ ನಡುವೆ ಕೆಫಿಲ್ವೆ ಫೆನ್ಯೊನ ಮುಖ ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ. ಕಣ್ಣು ಮುಚ್ಚಿ ಒಂದು ಸಾಲನ್ನು ಕತ್ತು ಹಿಸುಕಿದ ಕೋಳಿಯ ಹಾಗೆ ಕೂಗಿದಳು.

ಎತ್ತಿದ ಮುಷ್ಟಿಗಳು ಕೆಳಗಿಳಿದವು. ಮುಂದಿನ ಸಾಲಿನಲ್ಲಿದ್ದ ಮ್ಮಾ-ತೆಬೋಗೊ ಎದ್ದು ನಿಂತಳು. "ಇದು ಇವಳದೇ! ಆಣೆ ಮಾಡಿ ಹೇಳ್ತೀನಿ, ಇದು ಇವಳದೇ ದನಿ!"

ಕೆಫಿಲ್ವೆಯ ಕಣ್ಣು ತುಂಬಿ ಬಂತು.

"ಪಾಪ, ಅದಕ್ಕೇ ಬೇರೆಯವಳ ಕೈಲಿ ಹಾಡಿಸಿದಾರೆ!" ಎಂದು ಮ್ಮಾ-ತೆಬೋಗೊ ಮಾತು ಮುಗಿಸಿದಳು.

ಮುನ್ನೂರು ಜನ ಹೋ ಎಂದು ನಕ್ಕರು. ಕೆಫಿಲ್ವೆಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಮೂರನೆಯ ಹಾಡು ಎತ್ತಿಕೊಂಡಳು. ಜನ್ಮದಲ್ಲಿ ಎಂದೂ ಹಾಗೆ ಹಾಡಿರಲಿಲ್ಲ. ಒಂಬತ್ತು ವರ್ಷ ಒಳಗೇ ನುಂಗಿದ್ದೆಲ್ಲ ಹೊರಬಂತು. ಮುಗಿದಾಗ ಮೈದಾನಕ್ಕೆ ಮೈದಾನವೇ ಎದ್ದು ನಿಂತು, ಅವಳಿಗೆ ಬೆನ್ನು ತಿರುಗಿಸಿ, ಹಿಂದೆ ಕೂತಿದ್ದ ಮೈಕಿನವನಿಗೆ ಚಪ್ಪಾಳೆ ತಟ್ಟಿತು. "ಭಲೇ! ಟೇಪು ಸರಿಮಾಡ್ಬಿಟ್ಟ!" ಮೈಕಿನವನು ಕಕ್ಕಾಬಿಕ್ಕಿಯಾದರೂ ಎದ್ದು ಕೈಮುಗಿದ.

ಕೆಫಿಲ್ವೆ ವೇದಿಕೆಯ ಹಿಂದೆ ಬಂದು ಕುಸಿದು ಕೂತಳು. ಫೆನ್ಯೊ ನೀರು ತಂದುಕೊಟ್ಟ. ಟೋಪಿ ತೆಗೆದು, ಸುತ್ತಮುತ್ತ ನೋಡಿ, ಬಗ್ಗಿ ಪಿಸುಗುಟ್ಟಿದ:

"ಅಕ್ಕಾ, ಅಭ್ಯಾಸದಲ್ಲಿ ನೀನು ಒಂದ್ಸಲಾನೂ ಇಷ್ಟು ಚೆನ್ನಾಗಿ ಹಾಡಿರ್ಲಿಲ್ಲ. ನಂಗೊಬ್ಬನಿಗೇ ಹೇಳು, ಯಾರ‍್ಗೂ ಹೇಳಲ್ಲ. ಯಾರವಳು?"